ಹೊಸಬರಿಗೆ ಮಾರ್ಗದರ್ಶಿ: ವಿಶೇಷ ಅಗತ್ಯವುಳ್ಳ ಮಗುವೂ ಪಕ್ಕದ ಬೀದಿಯ ಶಾಲೆಗೇ

ವರ್ಗಾವಣೆಯಾಗಿಯೋ ಮಗುವಿನ ಚಿಕಿತ್ಸೆಗೆಂದೋ ಮೈಸೂರಿಗೆ ಬಂದಿರುವ ಕುಟುಂಬಗಳಿಗೆ ಸಂಘದ ನಮಸ್ಕಾರ. ಬಾಡಿಗೆ ಮನೆ, ಗ್ಯಾಸು, ಹಾಲಿನ ವಿಚಾರ ಅಕ್ಕಪಕ್ಕದವರೇ ಹೇಳುತ್ತಾರೆ. ಕಿವಿ ಕೇಳದ, ನಡೆಯಲು ಕಷ್ಟವಿರುವ, ಆಟಿಸಂ ಇರುವ ಮಗುವನ್ನು ಶಾಲೆಗೆ ಸೇರಿಸುವುದು ಹೇಗೆಂದು ಬಿಡಿಸಿ ಹೇಳುವವರು ಕಡಿಮೆ.

ಅಡ್ಮಿಷನ್

"ನಮ್ಮಲ್ಲಿ ಇಂಥ ಮಕ್ಕಳಿಗೆ ವ್ಯವಸ್ಥೆ ಇಲ್ಲ, ಸ್ಪೆಷಲ್ ಸ್ಕೂಲ್ ನೋಡ್ಕೊಳ್ಳಿ." ನಮ್ಮಲ್ಲಿ ಅನೇಕರು ಶಾಲೆಯವರ ಈ ಮಾತು ಕೇಳಿ ಕಣ್ಣೀರು ಹಾಕಿದವರೇ. ನೀವು ಸುಮ್ಮನೆ ಎದ್ದು ಬರಬೇಡಿ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಾಲೆಗಳು ಭೇದ ಮಾಡದೆ ಸೇರಿಸಿಕೊಳ್ಳಬೇಕು ಎನ್ನುತ್ತದೆ ವಿಕಲಚೇತನರ ಹಕ್ಕುಗಳ ಕಾಯ್ದೆ, 2016. ವೈಕಲ್ಯ ಶೇ. 40 ಅಥವಾ ಹೆಚ್ಚೆಂದು ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ನಿಮ್ಮ ಕಡೆಯದು, ಶಾಲೆಯದಲ್ಲ.

ಬಾಯಿಮಾತಿನಲ್ಲಿ ಕೇಳಿ ವಾಪಸ್ ಬರುವ ಅಭ್ಯಾಸ ಬಿಡಿ. ಅರ್ಜಿ ಎರಡು ಪ್ರತಿ ಇರಲಿ. ಒಂದರ ಮೇಲೆ ಶಾಲೆಯ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿ ಎತ್ತಿಡಿ. ಸೇರಿಸಿಕೊಳ್ಳದಿದ್ದರೆ ಕಾರಣ ಬರೆದುಕೊಡಿ ಎನ್ನಿ; ಬರೆಯಬೇಕೆಂದಾಗ ದನಿ ಮೆತ್ತಗಾಗುವುದನ್ನು ನಾವು ಕಂಡಿದ್ದೇವೆ. ಆಮೇಲೂ ಬಗ್ಗದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ. ಒಬ್ಬರೇ ಹೋಗಬೇಡಿ, ಸಂಘದಿಂದ ಯಾರಾದರೂ ಜೊತೆಗೆ ಬರುತ್ತೇವೆ.

ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಸಮನ್ವಯ ಶಿಕ್ಷಣ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳೂ ಎಲ್ಲರ ಜೊತೆ ಕಲಿಯುವುದನ್ನು ನೋಡಿಕೊಳ್ಳುವ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಯಾರೆಂದು ವಿಚಾರಿಸಿ. ಶಾಲೆಗೆ ಬರಲಾಗದ ಮಕ್ಕಳ ಗೃಹಾಧಾರಿತ ಶಿಕ್ಷಣಕ್ಕೂ ಅವರನ್ನೇ ಕೇಳಬೇಕು.

ತಪಾಸಣೆ

ಆಟೋದವರಿಗೆ 'ಸ್ಪೀಚ್ ಅಂಡ್ ಹಿಯರಿಂಗ್' ಎಂದರೆ ಸಾಕು, ಮಾನಸಗಂಗೋತ್ರಿಗೆ ಬಿಡುತ್ತಾರೆ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮೂರಿನ ಹೆಮ್ಮೆ, ದೇಶದ ಮೂಲೆಮೂಲೆಯಿಂದ ಮಕ್ಕಳು ಬರುತ್ತಾರೆ. "ಅವರಪ್ಪನೂ ತಡವಾಗಿಯೇ ಮಾತಾಡಿದ್ದು" ಎನ್ನುವ ಅಜ್ಜಿಯ ಮಾತಿಗೆ ಗೌರವ ಕೊಡಿ, ಆದರೆ ತಪಾಸಣೆ ಮುಂದೂಡಬೇಡಿ. ಶ್ರವಣದೋಷವನ್ನು ಎಳೆಯ ವಯಸ್ಸಿನಲ್ಲೇ ಗುರುತಿಸಿದಷ್ಟೂ ಮಾತು ಕಲಿಯುವುದು ಸುಲಭ.

ಕೈಯಲ್ಲಿರಲಿ

ಜನನ ಪ್ರಮಾಣಪತ್ರ
ಆಧಾರ್
ಯುಡಿಐಡಿ ಕಾರ್ಡ್ (ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ)
ವೈದ್ಯರ ವರದಿಗಳು
ಹಳೆ ಶಾಲೆಯ ಟಿಸಿ
ಎಲ್ಲದರ ಜೆರಾಕ್ಸ್

ಪರೀಕ್ಷೆ

ಮಗು ಹೇಳಿದ ಉತ್ತರ ಬರೆಯುವ ಲಿಪಿಕಾರರು, ಹೆಚ್ಚುವರಿ ಸಮಯ ಉಪಕಾರವಲ್ಲ, ಕಾಯ್ದೆಯಲ್ಲೇ ಇದೆ. ಎಸ್ಸೆಸ್ಸೆಲ್ಸಿ ಹಾಲ್ ಟಿಕೆಟ್ ಬರುವವರೆಗೆ ಕಾಯದೆ ಒಂಬತ್ತನೇ ತರಗತಿಯಲ್ಲೇ ಮುಖ್ಯೋಪಾಧ್ಯಾಯರ ಹತ್ತಿರ ಮಾತಾಡಿ.

ಉಳಿದ ಪೋಷಕರಿಗೆ

ನಿಮ್ಮ ಮಗುವಿನ ಪಕ್ಕ ಗಾಲಿಕುರ್ಚಿಯ ಹುಡುಗ ಕೂತರೆ ಪಾಠ ಹಿಂದೆ ಬೀಳುತ್ತದೆಂದು ಮೇಷ್ಟರಿಗೆ ದೂರು ಹೇಳಬೇಡಿ. 'ಪಾಪ' ಎನ್ನುವುದೂ ಬೇಡ. ಹುಟ್ಟುಹಬ್ಬಕ್ಕೆ ಇಡೀ ತರಗತಿಯನ್ನು ಕರೆಯುವಾಗ ಅವನನ್ನೂ ಕರೆಯಿರಿ.

ಸಂಘದ ರಾಜ್ಯೋತ್ಸವಕ್ಕೆ ಎಲ್ಲ ಮಕ್ಕಳ ಹೆಸರನ್ನೂ ಅಕ್ಟೋಬರ್ ಮುಗಿಯುವುದರೊಳಗೆ ಕೊಡಿ. ವೇದಿಕೆಗೆ ಇಳಿಜಾರು ಹಲಗೆ ಬೇಕಿದ್ದರೆ, ಮೈಕಿನ ಸದ್ದಿಗೆ ಮಗು ಬೆಚ್ಚುವುದಿದ್ದರೆ ಅದನ್ನೂ ಬರೆದುಕೊಡಿ.