ಲೆಕ್ಚರರ್‌ನ ತೆಗೆದ್ರೆ ಎಷ್ಟ್ ಉಳಿಯುತ್ತೆ? ನಾನು ಲೆಕ್ಕ ಹಾಕಿದ್ದು ಹೀಗೆ

ಮಂಡ್ಯದ ಒಂದು ಖಾಸಗಿ ಡಿಗ್ರಿ ಕಾಲೇಜಲ್ಲಿ ಅಕೌಂಟ್ಸು, ಎಸ್ಟಾಬ್ಲಿಷ್‌ಮೆಂಟು (ಸಿಬ್ಬಂದಿ ನೇಮಕ, ಸಂಬಳ, ಸರ್ವೀಸಿನ ಕೆಲಸ) ಎರಡೂ ನನ್ನ ತಲೆ ಮೇಲೇ. 2024ರಲ್ಲಿ ನಾಲ್ಕು ವರ್ಷದ ಆನರ್ಸ್ ಹೋಗಿ ವಾಪಸ್ ಮೂರು ವರ್ಷದ ಡಿಗ್ರಿ ಬಂತಲ್ಲ, ಜೊತೆಗೆ ಅಡ್ಮಿಷನ್ನೂ ಬಿದ್ದಿತ್ತು, ಆಡಳಿತ ಮಂಡಳಿ ಕಮಿಟಿಯವ್ರು "ಯಾರ್ಯಾರು ಎಕ್ಸ್‌ಟ್ರಾ ಅವ್ರೆ ನೋಡ್ರಿ, ತೆಗೆದ್ರೆ ಎಷ್ಟ್ ಉಳಿತದೆ ಬರ್ಕೊಡಿ" ಅಂದ್ರು.

ನಾನು ಅಟೆಂಡೆನ್ಸ್ ಬುಕ್ ಮುಟ್ಟಲಿಲ್ಲ, ಟೈಮ್‌ಟೇಬಲ್ ಇಸ್ಕೊಂಡೆ. ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಅಸಿಸ್ಟೆಂಟ್ ಪ್ರೊಫೆಸರ್‌ಗೆ ವಾರಕ್ಕೆ 16 ಗಂಟೆ ಪಾಠ, ಅಸೋಸಿಯೇಟು, ಪ್ರೊಫೆಸರ್‌ಗೆ 14. ಒಂದು ಡಿಪಾರ್ಟ್‌ಮೆಂಟಲ್ಲಿ ಮೂರು ಜನ ಅಸಿಸ್ಟೆಂಟ್‌ಗಳು, ಒಟ್ಟು 38 ಗಂಟೆ. ಇಬ್ರಿಗೆ 32 ಹಂಚಿದ್ರೆ ಮಿಕ್ಕ 6 ಗಂಟೆಗೆ ಗೆಸ್ಟ್ ಲೆಕ್ಚರರ್ ಹಾಕ್ಲೇಬೇಕು. ಇನ್ನೊಂದು, ಹುಡುಗ್ರು ಅರ್ಧ ಆದ್ರೂ ಥಿಯರಿ ಗಂಟೆ ಅಷ್ಟೇ ಇರುತ್ತೆ ಕಣ್ರೀ, ಕಮ್ಮಿ ಆಗೋದು ಪ್ರಾಕ್ಟಿಕಲ್ ಬ್ಯಾಚು, ಸೆಕ್ಷನ್ನು ಮಾತ್ರ. ಇದನ್ನ ಕಮಿಟಿಗೆ ಅರ್ಥ ಮಾಡ್ಸೋದ್ರಲ್ಲೇ ಸಾಕಾಯ್ತು.

ಆಮೇಲೆ ದುಡ್ಡು. ಕಮಿಟಿ ಮೆಂಬರ್ ಒಬ್ರು "ಮೇಷ್ಟ್ರಿಗೆಲ್ಲ ಗ್ರಾಚ್ಯುಟಿ ಇಲ್ಲ ಬುಡಿ" ಅಂದ್ರು, ಅಂದ್ರೆ ಕೆಲಸ ಬಿಡೋವಾಗ ಸರ್ವೀಸ್ ಲೆಕ್ಕದಲ್ಲಿ ಕೊಡೋ ಇಡಿಗಂಟು. ಇದೆ ಸಾರ್ ಅಂದೆ, ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿಲಿ ಮೇಷ್ಟ್ರಿಗೂ 1997ರ ಏಪ್ರಿಲ್ 3ರಿಂದ್ಲೇ ಅನ್ವಯ ಅಂತ ಮಾಡಿದ್ದಾರೆ, 2022ರಲ್ಲಿ ಸುಪ್ರೀಂ ಕೋರ್ಟೂ ಅದನ್ನ ಎತ್ತಿಹಿಡೀತು. ಬೇಸಿಕ್ಕು ಡಿಎ ಸೇರಿ 26,000 ಇರೋರು, ಸರ್ವೀಸು 10 ವರ್ಷ 7 ತಿಂಗಳು ಅನ್ಕೊಳ್ಳಿ. ಆರು ತಿಂಗಳು ದಾಟಿದ್ರಿಂದ 11 ವರ್ಷ ಅಂತ್ಲೇ ಹಿಡೀಬೇಕು. ಆ 26,000ನ ತಿಂಗಳ ಕೆಲಸದ ದಿನ ಅಂತ 26ರಿಂದ ಭಾಗಿಸಿ, ವರ್ಷಕ್ಕೆ 15 ದಿನದ ಸಂಬಳ ಅಂತ 15ರಿಂದ ಗುಣಿಸಿ, ಮತ್ತೆ 11ರಿಂದ ಗುಣಿಸಿದ್ರೆ 1,65,000. ಇದು 30 ದಿನದೊಳಗೆ ಕೊಡ್ಬೇಕು, ತಡ ಆದ್ರೆ ಬಡ್ಡಿ.

ಅವ್ರ ಅಪಾಯಿಂಟ್‌ಮೆಂಟ್ ಆರ್ಡರ್‌ನಲ್ಲಿ ಮೂರು ತಿಂಗಳ ನೋಟಿಸ್ ಅಂತಿತ್ತು, ಆ ಮೂರು ತಿಂಗಳ ಸಂಬಳನೂ ಲೆಕ್ಕಕ್ಕೆ ಹಿಡಿದೆ, ಒಟ್ಟು ಸಂಬಳ ತಿಂಗಳಿಗೆ 32,000 ಅಂದ್ರೆ 96,000. ಗೆಸ್ಟ್‌ಗೆ ವರ್ಷಕ್ಕೆ ಒಂದು 60,000. ವರ್ಷಕ್ಕೆ ಉಳಿಯೋ ಸಂಬಳ 3,84,000, ಇದೆಲ್ಲ ಕಳೆದ್ರೆ ಮೊದಲ್ನೇ ವರ್ಷ ಕೈಗೆ ಸಿಗೋದು 63,000! ಗ್ರಾಚ್ಯುಟಿ ಹೆಂಗಿದ್ರೂ ಒಂದಿನ ಕೊಡ್ಲೇಬೇಕಾದ ಸಾಲ ನಿಜ, ಎಲ್‌ಐಸಿಲಿ ಗ್ರೂಪ್ ಪಾಲಿಸಿ ಮಾಡ್ಸಿದ್ರೆ ಅಲ್ಲಿಂದ ಬರ್ತಿತ್ತು, ನಮ್ಮಲ್ಲಿ ಮಾಡ್ಸಿರ್ಲಿಲ್ಲ.

ಲೆಕ್ಚರರ್ ಕಾರ್ಮಿಕ ಕಾನೂನಿನ 'ವರ್ಕ್‌ಮನ್' (ಕೆಲಸಗಾರ) ಅಲ್ಲ ಅಂತ 1988ರಲ್ಲೇ ತೀರ್ಪಾಗಿದ್ರಿಂದ ರಿಟ್ರೆಂಚ್‌ಮೆಂಟ್ ಪರಿಹಾರ (ಹೆಚ್ಚುವರಿ ಅಂತ ಕೆಲಸದಿಂದ ತೆಗೆದ್ರೆ ಕೊಡೋ ದುಡ್ಡು) ಆಗಿನ ಕಾನೂನಲ್ಲಿ ಅವ್ರಿಗೆ ಬರ್ತಿರ್ಲಿಲ್ಲ, ಕ್ಲರ್ಕು ಅಟೆಂಡರ್‌ನ ತೆಗೆದಿದ್ರೆ ಅದೂ ಸೇರ್ತಿತ್ತು.

ಶೀಟ್ ನೋಡಿದ್ಮೇಲೆ ಕಮಿಟಿ ಯಾರ್ನೂ ತೆಗೀಲಿಲ್ಲ, ರಿಟೈರ್ ಆಗೋರ ಜಾಗ ತುಂಬೋದ್ ಬೇಡ ಅಂತ ಬರೆಸಿದ್ರು. ಗ್ರೂಪ್ ಪಾಲಿಸಿ ಫೈಲ್ ಮಾತ್ರ ಇನ್ನೂ ಅಧ್ಯಕ್ಷರ ಟೇಬಲ್ ಮೇಲೇ ಇದೆ.