‘ಡೆಲಿವರ್ಡ್’ ಅಂತ ಬಿದ್ದ ಮೇಲೂ ದುಡ್ಡು ವಾಪಸ್ ತರಿಸಿದ್ದು: ನನ್ನ ಅನುಭವ

ಟ್ರ್ಯಾಕಿಂಗಿನಲ್ಲಿ ‘ಡೆಲಿವರ್ಡ್’ ಅಂತ ಒಮ್ಮೆ ಬಿದ್ದರೆ ದುಡ್ಡಿನ ಆಸೆ ಬಿಡಬೇಕು ಅಂತ ಎಲ್ಲರೂ ಹೇಳುತ್ತಿದ್ದರು. ಆನ್‌ಲೈನ್ ಖರೀದಿಯಲ್ಲಿ ಪಳಗಿದವರ ಮಾತೇ ಇದು. ದಾರಿಯಲ್ಲಿ ಕಳೆದುಹೋದ ಪಾರ್ಸೆಲ್‌ಗೆ ರೀಫಂಡ್ ಸಿಗುತ್ತದೆ, ತಲುಪಿದೆ ಅಂತ ದಾಖಲೆ ಇರೋದಕ್ಕೆ ಸಿಗಲ್ಲ, ಸುಮ್ನೆ ಬಿಡು ಅಂದರು. ನಾನು ಬಿಡಲಿಲ್ಲ. ಪಾವತಿ ಸೇವೆಗೋ ಬ್ಯಾಂಕಿಗೋ ದೂರು ಹಾಕಿ ಈಗ ಅಂಥ ಕೇಸುಗಳಲ್ಲಿ ಹತ್ತಕ್ಕೆ ಏಳೆಂಟು ಗೆಲ್ಲುತ್ತಿದ್ದೇನೆ. ನೆನಪಿನ ಲೆಕ್ಕ, ಒಂದೆರಡು ಆಚೀಚೆ ಇರಬಹುದು.

ಕೆಲಸ ಮಾಡದೇ ಇದ್ದದ್ದನ್ನು ಮೊದಲು ಹೇಳಿಬಿಡುತ್ತೇನೆ. ಖಾಲಿ ಅಂಚೆ ಪೆಟ್ಟಿಗೆಯ ಫೋಟೋ ಯಾರೂ ನೋಡಲ್ಲ. ಬಾರದೇ ಇದ್ದದ್ದಕ್ಕೆ ಫೋಟೋ ಎಲ್ಲಿಂದ ತರೋದು, ಅಲ್ವಾ? ಅಕ್ಕಪಕ್ಕದ ಮನೆಯವರ ಹೇಳಿಕೆಗೂ ಬೆಲೆ ಇಲ್ಲ. ಉದ್ದುದ್ದ ಬರೆದರೂ ಅಷ್ಟೇ. ಒಂದು ಕೇಸಿನಲ್ಲಿ ಪುಟಗಟ್ಟಲೆ ವಿವರ ಕಳಿಸಿದ್ದಕ್ಕೆ, ಓದುವಷ್ಟು ಹೊತ್ತೂ ಆಗಿರಲಿಲ್ಲ, ‘ದಾಖಲೆ ಪ್ರಕಾರ ತಲುಪಿದೆ’ ಅಂತ ಉತ್ತರ ಬಂತು. ದುಡ್ಡು ಹೋಯಿತು. ಅದೂ ಚಿಲ್ಲರೆ ಮೊತ್ತವಲ್ಲ.

ದಾರಿ ಸಿಕ್ಕಿದ್ದು ಒಂದು ಟ್ರೈಪಾಡ್‌ನಿಂದ. ಒಂದೂವರೆ ಕಿಲೋ ತೂಗುವ ವಸ್ತು. ಟ್ರ್ಯಾಕಿಂಗ್ ಪ್ರಕಾರ ನಮ್ಮ ಊರಿಗೇ ಬಂದಿದೆ, ಡೆಲಿವರ್ಡ್ ಕೂಡ ಆಗಿದೆ. ಎಲ್ಲಾ ಕೊರಿಯರ್‌ಗಳ ಮಾಹಿತಿ ಒಟ್ಟಿಗೆ ತೋರಿಸುವ ತಾಣಗಳಲ್ಲಿ ಇಷ್ಟೇ ಕಾಣುತ್ತದೆ. ಕಳಿಸಿದ ದೇಶದ ಅಂಚೆಯ ಸ್ವಂತ ತಾಣಕ್ಕೆ ಹೋಗಿ ಅದೇ ನಂಬರ್ ಹಾಕಿದೆ. ಅಲ್ಲಿ ತೂಕ ಇತ್ತು: ಇಪ್ಪತ್ತು ಗ್ರಾಂ ಆಸುಪಾಸು. ಇಪ್ಪತ್ತು ಗ್ರಾಮಿನ ಟ್ರೈಪಾಡ್!

ಆಟ ಇಷ್ಟೇ. ಮಾರುವವನು ಒಂದು ಹಗುರ ಲಕೋಟೆಯನ್ನು ನಿಮ್ಮ ಊರಿನ ಬೇರೆ ಯಾರದೋ ವಿಳಾಸಕ್ಕೆ ಕಳಿಸುತ್ತಾನೆ. ನಂಬರ್ ಅಸಲಿ, ಊರು ಅಸಲಿ. ಮನೆ ಮಾತ್ರ ಬೇರೆ. ಟ್ರ್ಯಾಕಿಂಗ್ ಪುಟದಲ್ಲಿ ಪೂರ್ತಿ ವಿಳಾಸ ಇರೋದಿಲ್ಲ, ಹಾಗಾಗಿ ಸಿಕ್ಕಿಬೀಳುವ ಭಯವೂ ಇಲ್ಲ.

ಆದ್ದರಿಂದ ಈಗ ನಾನು ಮಾರುವವನ ಜೊತೆ ವಾದಕ್ಕೆ ನಿಲ್ಲುವುದಿಲ್ಲ. ಬಟವಾಡೆ ಮಾಡಿದವರನ್ನೇ ಹಿಡಿಯುತ್ತೇನೆ. ‘ನನ್ನ ಪಾರ್ಸೆಲ್ ಎಲ್ಲಿ’ ಅಂತ ಕೇಳಿದರೆ ಅದೇ ಟ್ರ್ಯಾಕಿಂಗ್ ಪುಟ ಓದಿ ಹೇಳುತ್ತಾರೆ. ಕೇಳಬೇಕಾದ್ದು ಎರಡೇ: ಈ ನಂಬರ್ ಕೊಟ್ಟದ್ದು ನನ್ನ ವಿಳಾಸಕ್ಕೋ ಅಲ್ಲವೋ? ದಾಖಲಾದ ತೂಕ ಎಷ್ಟು? ಬೇರೆಯವರ ವಿಳಾಸ ಅವರು ಕೊಡಲ್ಲ, ಕೊಡಬಾರದು ಕೂಡ. ‘ನಿಮ್ಮ ವಿಳಾಸಕ್ಕೆ ಅಲ್ಲ’ ಅಂತ ಒಂದು ಸಾಲು ಬರೆದುಕೊಟ್ಟರೆ ಸಾಕು. ಬಾಯಿಮಾತು ಬೇಡ, ಇಮೇಲ್ ಬೇಕು. ಆ ಎರಡು ಪ್ರಶ್ನೆಗೆ ಮನುಷ್ಯರೇ ಉತ್ತರ ಬರೆಯುವಂತೆ ಮಾಡಲು ಇಮೇಲಿನ ಮೊದಲ ಸಾಲಿನಲ್ಲಿ ನಾನು ಒಂದು ಮಾತು ಹಾಕುತ್ತೇನೆ. ಅದನ್ನು ಇಲ್ಲಿ ಬರೆಯಲ್ಲ. ಎಲ್ಲರೂ ಹಾಕಿದರೆ ಅದರ ಕತೆ ಅಲ್ಲಿಗೆ ಮುಗಿಯುತ್ತದೆ.

ಟ್ರೈಪಾಡ್ ಕೇಸಿನಲ್ಲಿ ಮೊದಲ ಸುತ್ತು ಸೋತೆ. ಆ ಒಂದು ಸಾಲಿನ ಇಮೇಲ್ ಮತ್ತು ತೂಕದ ಸ್ಕ್ರೀನ್‌ಶಾಟ್ ಜೊತೆ ಮೇಲ್ಮನವಿ ಹಾಕಿದೆ. ವಾರದೊಳಗೆ ದುಡ್ಡು ಬಂತು. ಬಿಡು ಅಂದವರಿಗೆ ಆ ಸಂದೇಶವನ್ನೇ ಕಳಿಸಿದೆ, ಸುಳ್ಳು ಯಾಕೆ ಹೇಳಲಿ.

ಇನ್ನು ನಂಬರಿನ ವಿಷಯ. ಅಂಚೆಯ ಅಂತರರಾಷ್ಟ್ರೀಯ ನಂಬರಿನಲ್ಲಿ 13 ಅಕ್ಷರ-ಅಂಕಿ ಇರುತ್ತವೆ: ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ ದೇಶದ ಎರಡು ಅಕ್ಷರ. ಮೊದಲ ಅಕ್ಷರ ‘ಆರ್’ ಇದ್ದರೆ ರಿಜಿಸ್ಟರ್ಡ್, ‘ಸಿ’ ಪಾರ್ಸೆಲ್, ‘ಇ’ ಅಂದರೆ ಇಎಂಎಸ್, ಅಂಚೆಯ ಎಕ್ಸ್‌ಪ್ರೆಸ್ ಸೇವೆ. ‘ಯು’ ಇದ್ದರೆ ಅದು ಸಾಮಾನ್ಯ ಪತ್ರದ ವರ್ಗದ ಪ್ಯಾಕೆಟ್, ಸಹಿ ಗಿಹಿ ಏನೂ ಇರಲ್ಲ. ನಡುವಿನ ಒಂಬತ್ತನೇ ಅಂಕಿ ತಾಳೆ ನೋಡಲು ಇಟ್ಟದ್ದು. ಒಂದು ಭಾನುವಾರ ಕೂತು ಇದನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿದೆ. ಮೊದಲ ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಬೇಕು. 11ರಿಂದ ಭಾಗಿಸಿ ಉಳಿದ ಶೇಷವನ್ನು 11ರಲ್ಲಿ ಕಳೆದರೆ ಒಂಬತ್ತನೇ ಅಂಕಿ ಬರಬೇಕು. 10 ಬಂದರೆ 0, 11 ಬಂದರೆ 5 ಅಂತ ಹಿಡಿಯಬೇಕು. ಬಾಯಿಗೆ ಬಂದ ನಂಬರ್ ಕೊಡುವವರು ಇದರಲ್ಲೇ ಸಿಕ್ಕಿಬೀಳುತ್ತಾರೆ. ಹೀಗೆ ಮೂರ್ನಾಲ್ಕು ಜನರನ್ನು ಹಿಡಿದೆ. ಜಾಣರು ಅಸಲಿ ನಂಬರ್ ಕೊಡುತ್ತಾರೆ, ಅವರಿಗೆ ಇದು ತಾಗಲ್ಲ. ಆದರೂ ಮಜಾ ಇತ್ತು.

ಇನ್ನೊಂದು ಪ್ರಯೋಗ: ಪ್ರತಿ ಮಾರಾಟಗಾರನಿಗೂ ನನ್ನ ಹೆಸರಿನ ಇನಿಶಿಯಲ್ ಬದಲಾಯಿಸಿ ಕೊಟ್ಟೆ. ತರಿಸದೇ ಇದ್ದ ಒಂದು ಅಗ್ಗದ ಉಂಗುರ ಮನೆಗೆ ಬಂದಾಗ ಲಕೋಟೆ ಮೇಲಿನ ಇನಿಶಿಯಲ್ ನೋಡಿ ಯಾರ ಕೆಲಸ ಅಂತ ತಕ್ಷಣ ಗೊತ್ತಾಯಿತು. ಇಲ್ಲಿ ಎಚ್ಚರ ಬೇಕು. ತರಿಸಿದ ವಸ್ತುವಿನ ಬದಲು ಇಂಥ ಲಕೋಟೆ ನಿಮ್ಮ ಮನೆಗೇ ಬಂದಿದ್ದರೆ ‘ವಸ್ತು ಬಂದಿಲ್ಲ’ ಅಂತ ದೂರು ಹಾಕಬೇಡಿ. ‘ವಿವರಿಸಿದ ಹಾಗಿಲ್ಲ’ ಅಂತ ಹಾಕಿ. ತೂಕದ ಸಾಕ್ಷಿ ಅದಕ್ಕೂ ಆಗುತ್ತದೆ.

ಸಾಕ್ಷಿ ಎಷ್ಟೇ ಚೆನ್ನಾಗಿದ್ದರೂ ತಾರೀಖು ದಾಟಿದರೆ ಮುಗಿಯಿತು. ಮಾರುವವನು ‘ದಯವಿಟ್ಟು ಇನ್ನೆರಡು ವಾರ ಕಾಯಿರಿ’ ಅನ್ನೋದು ಅದಕ್ಕೇ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ವಿವಾದ ತೆರೆಯಲು ದುಡ್ಡು ಕೊಟ್ಟ ದಿನದಿಂದ 180 ದಿನ. ವಿವಾದ ತೆರೆದ ಮೇಲೆ 20 ದಿನದೊಳಗೆ ಅದನ್ನು ಕ್ಲೈಮ್ ಆಗಿ ಏರಿಸದಿದ್ದರೆ, ಅಂದರೆ ತೀರ್ಮಾನಕ್ಕೆ ಪೇಪಾಲ್‌ಗೇ ಒಪ್ಪಿಸದಿದ್ದರೆ, ತಾನೇ ಮುಚ್ಚಿಹೋಗುತ್ತದೆ, ಮತ್ತೆ ತೆರೆಯಲು ಬರಲ್ಲ. ವೀಸಾ ಕಾರ್ಡಿನಲ್ಲಿ ವಸ್ತು ಬಾರದ ಕೇಸಿಗೆ 13.1 ಅಂತ ಕೋಡ್. ಅದಕ್ಕೆ ಗಡುವು ಸಾಮಾನ್ಯವಾಗಿ ವಸ್ತು ಬರಬೇಕಿದ್ದ ದಿನದಿಂದ 120 ದಿನ. ಬ್ಯಾಂಕಿನವರು ಕೆಲವೊಮ್ಮೆ ವಂಚನೆಯ ಫಾರ್ಮ್ ಕೊಡುತ್ತಾರೆ. ತುಂಬಬೇಡಿ. ಅದು ‘ಈ ಪಾವತಿ ನಾನು ಮಾಡಿಲ್ಲ’ ಅನ್ನುವವರಿಗೆ. ನೀವು ಮಾಡಿದ್ದೀರಿ, ವಸ್ತು ಬಂದಿಲ್ಲ ಅಷ್ಟೇ. ಎರಡೂ ಕಡೆ ಒಟ್ಟಿಗೆ ಹೋಗಬೇಡಿ. ಕಾರ್ಡಿನಲ್ಲಿ ಚಾರ್ಜ್‌ಬ್ಯಾಕ್ (ಬ್ಯಾಂಕ್ ಮೂಲಕ ಪಾವತಿ ವಾಪಸ್ ಕೇಳುವ ಅರ್ಜಿ) ಹಾಕಿದ ಕೂಡಲೇ ಪೇಪಾಲ್ ತನ್ನ ಕೇಸ್ ಮುಚ್ಚುತ್ತದೆ.

ನಡುವೆ ಮಾರುವವನು ಚೌಕಾಸಿಗೆ ಬರುತ್ತಾನೆ. ಮೊದಲು ಶೇಕಡಾ 20 ಕೊಡುತ್ತೇನೆ ಅಂತಾನೆ, ಆಮೇಲೆ 40. ಒಪ್ಪಿದರೆ ಸಾಮಾನ್ಯವಾಗಿ ಕೇಸ್ ಅಲ್ಲೇ ಮುಗಿಯುತ್ತದೆ. ನಾನು ಉತ್ತರವಾಗಿ ಒಂದೇ ಕೇಳುತ್ತೇನೆ: ನಿಮ್ಮ ಅಂಚೆಯಲ್ಲಿ ವಿಚಾರಣೆ ಅರ್ಜಿ ಹಾಕಿ, ಅದರ ನಂಬರ್ ಕೊಡಿ. ಈ ಅರ್ಜಿಯನ್ನು ಸಾಮಾನ್ಯವಾಗಿ ಕಳಿಸಿದವರೇ ಹಾಕಬೇಕು, ರಿಜಿಸ್ಟರ್ಡ್ ಮತ್ತು ಪಾರ್ಸೆಲ್‌ಗೆ ಆರು ತಿಂಗಳ ಅವಕಾಶ ಇರುತ್ತದೆ. ನಿಜವಾಗಿ ಕಳಿಸಿದವನು ಹಾಕುತ್ತಾನೆ. ಲಕೋಟೆ ಗಿರಾಕಿ ಮೌನ. ಆ ಮೌನದ ಸ್ಕ್ರೀನ್‌ಶಾಟ್ ಕೂಡ ಕಡತಕ್ಕೆ ಸೇರುತ್ತದೆ.

ಗೆದ್ದರೂ ಪೂರ್ತಿ ದುಡ್ಡು ಬರುತ್ತೆ ಅಂತೇನಿಲ್ಲ. ವಿದೇಶಿ ಕರೆನ್ಸಿಯಾದರೆ ವಾಪಸ್ ಬರುವ ದಿನದ ದರ ಬೇರೆ, ಕಾರ್ಡಿನ ಶುಲ್ಕ ಸಾಮಾನ್ಯವಾಗಿ ಹೋದದ್ದೇ. ನನಗೆ ನೂರಕ್ಕೆ ಮೂರೋ ನಾಲ್ಕೋ ಹೀಗೆ ಸೋರಿದೆ.

ಖಾಸಗಿ ಕೊರಿಯರ್‌ಗಳ ಹತ್ತಿರ ಈಗಲೂ ಜಾಸ್ತಿ ಸೋಲುತ್ತೇನೆ. ಯಾವುದೋ ಬಾಗಿಲ ಮುಂದೆ ಡಬ್ಬಿ ಇಟ್ಟ ಫೋಟೋ ತೋರಿಸಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಈಗ ಸ್ಕ್ಯಾನ್ ಆದ ಜಾಗದ ಜಿಪಿಎಸ್ ಕೇಳಲು ಶುರುಮಾಡಿದ್ದೇನೆ. ಹೆಚ್ಚಿನವರು ಕೊಡಲ್ಲ. ಮೊನ್ನೆ ಒಬ್ಬರು ಕೊಟ್ಟರು. ನಕ್ಷೆಯಲ್ಲಿ ಹಾಕಿ ನೋಡಿದರೆ ನಮ್ಮ ಬೀದಿಯೇ ಅಲ್ಲ. ಆ ಕೇಸ್ ಇನ್ನೂ ನಡೆಯುತ್ತಿದೆ.