ಆಫ್ರಿಕಾಕ್ಕೆ ಬಿಡಿಭಾಗ ಕಳಿಸುವ ಮುನ್ನ ಮಾರುಕಟ್ಟೆ ಓದುವುದು ಹೇಗೆ?

ತಾಂಜಾನಿಯಾದಲ್ಲಿ ಮೂರು ಚಕ್ರದ ಆಟೊಗೆ ಜನ ಇಟ್ಟಿರುವ ಹೆಸರು ‘ಬಜಾಜಿ’. ಇಥಿಯೋಪಿಯಾದಲ್ಲೂ ಅದು ‘ಬಜಾಜ್’. ಯಾವ ಕಂಪನಿಯ ವನಸ್ಪತಿಯಾದರೂ ನಮ್ಮಲ್ಲಿ ‘ಡಾಲ್ಡಾ’ ಅನ್ನುತ್ತಿದ್ದರಲ್ಲ, ಹಾಗೆ. ಕೆನ್ಯಾ, ಉಗಾಂಡಾದಲ್ಲಿ ಬಾಡಿಗೆಗೆ ಓಡುವ ಬೈಕಿಗೆ ‘ಬೋಡಾ ಬೋಡಾ’ ಎಂದು ಹೆಸರು. ಬಜಾಜ್ ಬಾಕ್ಸರ್, ಟಿವಿಎಸ್ ಎಚ್‌ಎಲ್‌ಎಕ್ಸ್ ಅಲ್ಲಿನ ಬೀದಿ ಬೀದಿಯಲ್ಲಿ ಕಾಣುತ್ತವೆ.

ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗ್‌ನಲ್ಲೋ ಬ್ರೇಕ್ ಶೂ, ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ), ಬುಷ್ ಮಾಡುವ ಸಣ್ಣ ಘಟಕದವರಿಗೆ ಇದನ್ನು ಕೇಳಿದ ಕೂಡಲೇ ಕಿವಿ ನೆಟ್ಟಗಾಗುತ್ತದೆ. ಸಹಜ. ಆದರೆ ‘ಆಫ್ರಿಕಾ ದೊಡ್ಡ ಮಾರ್ಕೆಟ್ಟು’ ಎಂಬ ಮಾತು ನಂಬಿ ಕಂಟೇನರ್ ತುಂಬಬೇಡಿ. ಅಲ್ಲಿ ನಾಳೆ ಯಾವ ಭಾಗ ಮಾರಾಟವಾಗುತ್ತದೆ ಎಂಬುದನ್ನು ದುಬಾರಿ ವರದಿ ಕೊಳ್ಳದೆಯೂ ಸಾಕಷ್ಟು ಮಟ್ಟಿಗೆ ಲೆಕ್ಕ ಹಾಕಬಹುದು. ಅದು ಹೇಗೆ ಅಂತ ನೋಡೋಣ.

ಹಂತ 1: ಖಂಡ ಬಿಡಿ, ಒಂದು ದೇಶ ಹಿಡಿಯಿರಿ

ಆಫ್ರಿಕಾದಲ್ಲಿ 54 ದೇಶಗಳಿವೆ. ಮೊದಲು ಕೇಳಬೇಕಾದ ಪ್ರಶ್ನೆ ತೀರಾ ಸಾದಾ: ಸ್ಟೀರಿಂಗ್ ಯಾವ ಕಡೆ? ಕೆನ್ಯಾ, ಉಗಾಂಡಾ, ತಾಂಜಾನಿಯಾ, ಜಾಂಬಿಯಾ, ಜಿಂಬಾಬ್ವೆಗಳಲ್ಲಿ ನಮ್ಮ ಹಾಗೇ ಬಲಗಡೆ. ಅಲ್ಲಿಗೆ ಹಳೇ ಕಾರು ಬರುವುದು ಹೆಚ್ಚಾಗಿ ಜಪಾನ್‌ನಿಂದ. ನೈಜೀರಿಯಾ, ಘಾನಾ, ಐವರಿ ಕೋಸ್ಟ್‌ಗಳಲ್ಲಿ ಸ್ಟೀರಿಂಗ್ ಎಡಗಡೆ. ಅಲ್ಲಿಗೆ ಅಮೆರಿಕ, ಯುರೋಪಿನ ಹಳೇ ಗಾಡಿಗಳು ಬರುತ್ತವೆ. ಎರಡೂ ಕಡೆ ಕಾರಿನ ಹೆಸರು ಟೊಯೊಟಾ ಕೊರೊಲ್ಲಾ ಅಂತಲೇ ಇರಬಹುದು. ಒಳಗಿನ ಎಂಜಿನ್, ಬ್ರೇಕ್ ಪ್ಯಾಡ್ ಅಳತೆ ಬೇರೆ ಬೇರೆ.

ದಕ್ಷಿಣ ಆಫ್ರಿಕಾದ ಕಥೆಯೇ ಬೇರೆ. ಕೆಲವು ವಿನಾಯಿತಿ ಬಿಟ್ಟರೆ ಅಲ್ಲಿ ಹಳೇ ಕಾರು ಆಮದು ಮಾಡುವಂತಿಲ್ಲ. ಹೈಲಕ್ಸ್, ಪೋಲೊ ವಿವೊ ಅಲ್ಲೇ ತಯಾರಾಗುತ್ತವೆ. ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದರೆ ವಾರಂಟಿ ಹೋಯಿತು ಎಂಬ ಹೆದರಿಕೆಯನ್ನು ಕಡಿಮೆ ಮಾಡುವ ಮಾರ್ಗಸೂಚಿ 2021ರ ಜುಲೈ 1ರಿಂದ ಜಾರಿಯಲ್ಲಿದೆ. ಸಣ್ಣ ಗ್ಯಾರೇಜುಗಳಿಗೆ ಅದು ಒಳ್ಳೆ ಸುದ್ದಿ. ಆದರೆ ಅದು ದೊಡ್ಡ ಚೈನ್ ಅಂಗಡಿಗಳ, ಕಟ್ಟುನಿಟ್ಟಾದ ಮಾರುಕಟ್ಟೆ. ಹೊಸಬರಿಗೆ ಮೊದಲ ಹೆಜ್ಜೆಯಾಗಿ ನಾನಂತೂ ಹೇಳುವುದಿಲ್ಲ.

ಹಂತ 2: ಹೊಸ ಕಾರಿನ ಲೆಕ್ಕ ಪಕ್ಕಕ್ಕಿಡಿ, ಹಳೇ ಕಾರಿನ ಕ್ಯಾಲೆಂಡರ್ ಬರೆಯಿರಿ

ಇಡೀ ಲೆಕ್ಕಾಚಾರದ ತಿರುಳು ಇರುವುದು ಇಲ್ಲೇ. ಹೊಸ ಕಾರು ಎಷ್ಟು ಮಾರಾಟವಾದವು ಎಂದು ನೋಡಿ ಬಿಡಿಭಾಗದ ಬೇಡಿಕೆ ಅಳೆಯಲು ಹೋದರೆ ಪೂರ್ವ ಆಫ್ರಿಕಾದಲ್ಲಿ ಲೆಕ್ಕ ತಪ್ಪುತ್ತದೆ. ಅಲ್ಲಿ ರಸ್ತೆಗಿಳಿಯುವ ‘ಹೊಸ’ ಕಾರೇ ಬೇರೆ ಕಡೆ ಓಡಿ ಬಂದ ಹಳೇ ಕಾರು. 2015ರಿಂದ 2018ರವರೆಗೆ ಜಪಾನ್, ಯುರೋಪ್, ಅಮೆರಿಕಗಳಿಂದ ಸುಮಾರು 1.4 ಕೋಟಿ ಹಳೇ ವಾಹನ ಹೊರಗೆ ಹೋದವು ಎಂದು ವಿಶ್ವಸಂಸ್ಥೆಯ ಪರಿಸರ ವಿಭಾಗ ಲೆಕ್ಕ ಕೊಟ್ಟಿತ್ತು. ಅದರಲ್ಲಿ ದೊಡ್ಡ ಪಾಲು ಇಳಿದದ್ದು ಆಫ್ರಿಕಾದಲ್ಲೇ.

ಕೆನ್ಯಾವನ್ನೇ ತೆಗೆದುಕೊಳ್ಳಿ. ಅಲ್ಲಿ ಎಂಟು ವರ್ಷದ ನಿಯಮವಿದೆ. 2025ರಲ್ಲಿ ತರುವ ಕಾರು 2018ರಲ್ಲಿ ಅಥವಾ ಆಮೇಲೆ ಮೊದಲ ಬಾರಿ ನೋಂದಣಿ ಆಗಿರಬೇಕು. 2026ಕ್ಕೆ ಈ ಗೆರೆ 2019ಕ್ಕೆ ಸರಿಯುತ್ತದೆ. ಗೆರೆಯ ಅಂಚಿನಲ್ಲಿರುವ ಕಾರು ಅಗ್ಗ, ಹಾಗಾಗಿ ಅದಕ್ಕೇ ಗಿರಾಕಿ ಜಾಸ್ತಿ. ಈಗ ಒಂದು ಕೆಲಸ ಮಾಡಿ. 2018ರಲ್ಲಿ ಜಪಾನ್‌ನಲ್ಲಿ ಯಾವ ಕಾರು ಹೆಚ್ಚು ಮಾರಾಟವಾಗಿತ್ತು ಅಂತ ಹುಡುಕಿ. ತೀರಾ ಚಿಕ್ಕ ‘ಕೇ’ ಕಾರುಗಳನ್ನು ಬಿಟ್ಟರೆ ಮೊದಲನೆಯದು ನಿಸಾನ್ ನೋಟ್, ಆಮೇಲೆ ಟೊಯೊಟಾ ಆಕ್ವಾ, ಪ್ರಿಯಸ್. ಆಕ್ವಾ, ಪ್ರಿಯಸ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಕರೆಂಟ್ ಮೋಟಾರೂ ಇರುವ ಕಾರು. ನೋಟ್‌ನಲ್ಲೂ ಇ-ಪವರ್ ಹೈಬ್ರಿಡ್ ಇತ್ತು.

ಅಂದರೆ ನೈರೋಬಿಯ ಗ್ಯಾರೇಜಿಗೆ ಇನ್ನು ಮೂರ್ನಾಲ್ಕು ವರ್ಷದಲ್ಲಿ ಏನು ಬಂದು ನಿಲ್ಲುತ್ತದೆ ಎಂಬುದರ ಸುಳಿವು ಜಪಾನ್‌ನ ಹಳೇ ಮಾರಾಟ ಪಟ್ಟಿಯಲ್ಲೇ ಇದೆ. ಹೈಬ್ರಿಡ್ ಬ್ಯಾಟರಿಯ ಫ್ಯಾನ್ ಫಿಲ್ಟರ್, ಸಿವಿಟಿ (ಒಂದು ಬಗೆಯ ಆಟೊಮ್ಯಾಟಿಕ್) ಗೇರ್‌ಬಾಕ್ಸ್‌ನ ಆಯಿಲ್ ಕೇಳುವವರು ಹೆಚ್ಚುತ್ತಾರೆ. ಬ್ರೇಕ್ ಪ್ಯಾಡ್ ಮಾತ್ರ ಸ್ವಲ್ಪ ನಿಧಾನ. ಹೈಬ್ರಿಡ್ ಕಾರು ವೇಗ ತಗ್ಗಿಸುವಾಗ ಮೋಟಾರೇ ಅರ್ಧ ಕೆಲಸ ಮಾಡಿಬಿಡುತ್ತದಲ್ಲ.

ಪಕ್ಕದ ದೇಶಗಳ ನಿಯಮ ಬೇರೆ. ಉಗಾಂಡಾ 2018ರಲ್ಲಿ 15 ವರ್ಷಕ್ಕಿಂತ ಹಳೆಯ ವಾಹನ ಬೇಡ ಎಂದಿತು. ತಾಂಜಾನಿಯಾ ಹಳೇ ಕಾರನ್ನು ತಡೆಯುವುದಿಲ್ಲ, ತೆರಿಗೆ ಜಾಸ್ತಿ ಹಾಕುತ್ತದೆ. ಹಾಗಾಗಿ ಕೆನ್ಯಾದ ಒಂದೇ ಮೊಂಬಾಸಾ ಬಂದರಿನಲ್ಲಿ ಇಳಿಯುವ ಕಾರುಗಳಲ್ಲೂ ಕೆನ್ಯಾದಲ್ಲಿ ಉಳಿಯುವ ಕಾರಿನ ವಯಸ್ಸೇ ಬೇರೆ, ಉಗಾಂಡಾದ ಕಂಪಾಲಾಕ್ಕೆ ಹೋಗುವ ಕಾರಿನ ವಯಸ್ಸೇ ಬೇರೆ. ಒಂದು ಹಾಳೆಯಲ್ಲಿ ದೇಶ, ವಯಸ್ಸಿನ ಮಿತಿ, ಗಾಡಿ ಬರುವ ಮೂಲ, ಆ ಮೂಲದಲ್ಲಿ ಹೆಚ್ಚು ಮಾರಾಟವಾದ ಮಾದರಿ ಎಂದು ನಾಲ್ಕು ಕಾಲಂ ಎಳೆಯಿರಿ. ನಿಮ್ಮ ಮುನ್ನೋಟ ಅಲ್ಲಿಗೆ ಮುಕ್ಕಾಲು ಸಿದ್ಧ.

ಹಂತ 3: ಅಂಗಡಿಯವರ ಭಾಷೆ ಕಲಿಯಿರಿ

ನೈರೋಬಿಯ ಕಿರಿನ್ಯಾಗಾ ರಸ್ತೆ ಅಂದರೆ ನಮ್ಮ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದ ಹಾಗೆ. ಸಾಲು ಸಾಲು ಬಿಡಿಭಾಗದ ಅಂಗಡಿ. ಅಲ್ಲಿ ಕಾರಿನ ಹೆಸರಿಗಿಂತ ಚಾಸಿ ಕೋಡ್ (ಕಂಪನಿ ಪ್ರತಿ ಮಾದರಿಗೆ ಕೊಡುವ ಸಂಕೇತ) ನಡೆಯುತ್ತದೆ. ಕೊರೊಲ್ಲಾಕ್ಕೆ ಜನ ‘ಎನ್‌ಜೆಡ್‌ಇ’ ಅಂತಲೇ ಕರೆಯುತ್ತಾರೆ. ನಿಮ್ಮ ಕ್ಯಾಟಲಾಗಿನಲ್ಲಿ ‘ಕೊರೊಲ್ಲಾ ಬ್ರೇಕ್ ಪ್ಯಾಡ್’ ಎಂದಷ್ಟೇ ಬರೆದರೆ ಅಂಗಡಿಯವನು ಪುಟ ತಿರುಗಿಸುವುದೂ ಇಲ್ಲ. ಎನ್‌ಜೆಡ್‌ಇ 141, ಎನ್‌ಜೆಡ್‌ಇ 161 ಎಂದು ಕೋಡ್ ಹಾಕಿ, ಪಕ್ಕದಲ್ಲಿ ಮೂಲ ಕಂಪನಿಯ ಪಾರ್ಟ್ ನಂಬರ್ ಕೊಡಿ.

ನೈಜೀರಿಯಾದಲ್ಲಿ ಕೋಡ್ ಅಲ್ಲ, ಅಡ್ಡಹೆಸರು. ಕ್ಯಾಮ್ರಿಯ ಒಂದು ತಲೆಮಾರು ‘ಬಿಗ್ ಡ್ಯಾಡಿ’, ಇನ್ನೊಂದು ‘ಮಸಲ್’. ಹೋಂಡಾ ಅಕಾರ್ಡ್‌ನ ಒಂದು ಮಾದರಿಗೆ ‘ಎಂಡ್ ಆಫ್ ಡಿಸ್ಕಷನ್’ ಅಂತ ಹೆಸರು, ಅಂದರೆ ಮಾತು ಮುಗೀತು! ಹೊರದೇಶದಿಂದ ಬಂದ ಹಳೇ ಕಾರು ಅಲ್ಲಿ ‘ತೊಕುನ್‌ಬೊ’. ಯೊರುಬಾ ಭಾಷೆಯಲ್ಲಿ ಅದು ಸಮುದ್ರದಾಚೆ ಹುಟ್ಟಿ ಬಂದ ಮಗುವಿಗೆ ಇಡುವ ಹೆಸರು.

ಇನ್ನೊಂದು ಶಬ್ದ ನೆನಪಿರಲಿ: ‘ಎಕ್ಸ್ ಜಪಾನ್’. ಜಪಾನ್‌ನಲ್ಲಿ ಕಳಚಿ ತಂದ ಹಳೇ ಭಾಗ. ಕೆನ್ಯಾದ ಎಷ್ಟೋ ಗಿರಾಕಿಗಳು ಹೆಸರು ಗೊತ್ತಿಲ್ಲದ ಹೊಸ ಭಾಗಕ್ಕಿಂತ ಎಕ್ಸ್ ಜಪಾನ್ ವಾಸಿ ಅನ್ನುತ್ತಾರೆ. ನಿಮ್ಮ ಎದುರಾಳಿ ಚೀನಾದ ಅಗ್ಗದ ಮಾಲು ಮಾತ್ರ ಅಲ್ಲ, ಒಸಾಕಾದ ಗುಜರಿ ಕೂಡ.

ಹಂತ 4: ಯಾವ ಭಾಗ? ಸವೆಯುವುದನ್ನು ನೋಡಿ

ಕಾರಿನಲ್ಲಿ ಷಾಕ್ ಅಬ್ಸಾರ್ಬರ್, ಬುಷ್, ಬಾಲ್ ಜಾಯಿಂಟ್, ಏರ್ ಫಿಲ್ಟರ್ ಮೊದಲು ಹೋಗುತ್ತವೆ. ರಸ್ತೆ ಮತ್ತು ಧೂಳು ಕಾರಣ. ಬ್ಯಾಟರಿ, ಲೀಫ್ ಸ್ಪ್ರಿಂಗ್‌ಗೆ ಕೈ ಹಾಕುವ ಮುಂಚೆ ಯೋಚಿಸಿ. ಅವು ಕೆನ್ಯಾದಲ್ಲೇ ತಯಾರಾಗುತ್ತವೆ, ಮೇಲಾಗಿ ತೂಕದ ಮಾಲು.

ನಮ್ಮ ಸಣ್ಣ ಘಟಕಗಳಿಗೆ ಹೊಂದುವುದು ಬೈಕಿನ ಭಾಗ. ಒಂದು ಚೈನ್ ಸ್ಪ್ರಾಕೆಟ್ ಸೆಟ್ಟಿನ ಕಥೆ ನೋಡಿ. ಬೆಂಗಳೂರಿನಲ್ಲಿ ಅದೇ ಎಂಜಿನ್ನಿನ ಬೈಕು ಒಬ್ಬನನ್ನು ಆಫೀಸಿಗೆ ಹೊತ್ತು ಹೋಗಿ ದಿನವಿಡೀ ನಿಂತಿರುತ್ತದೆ. ಉಗಾಂಡಾದ ಬೋಡಾ ಬೆಳಿಗ್ಗೆಯಿಂದ ರಾತ್ರಿವರೆಗೆ ಓಡುತ್ತದೆ. ಹಿಂದೆ ಇಬ್ಬರು, ಕೆಲವೊಮ್ಮೆ ಮೂವರು. ಇಲ್ಲವೇ ಎರಡೂ ಬದಿಗೆ ‘ಮಟೋಕೆ’ ಬಾಳೆಗೊನೆಗಳು. ರಸ್ತೆ ‘ಮುರಮ್’, ಅಂದರೆ ನಮ್ಮ ಕರಾವಳಿಯ ಜಂಬಿಟ್ಟಿಗೆಯಂಥದ್ದೇ ಕೆಂಪು ಮಣ್ಣು. ಆ ಧೂಳು ಚೈನಿಗೆ ಹಚ್ಚಿದ ಎಣ್ಣೆಗೆ ಅಂಟಿಕೊಂಡರೆ ಮುಗಿಯಿತು, ಗ್ರೈಂಡಿಂಗ್ ಪೇಸ್ಟ್ ಆಗಿಬಿಡುತ್ತದೆ. ಚೈನ್ ಜೋತುಬೀಳುತ್ತದೆ, ಸವಾರ ಹಿಂದಿನ ಚಕ್ರವನ್ನು ಇನ್ನಷ್ಟು ಎಳೆದು ಬಿಗಿ ಮಾಡುತ್ತಾನೆ. ಎಳೆಯಲು ಜಾಗವೇ ಉಳಿಯದಾಗ ಒಂದೆರಡು ಲಿಂಕ್ ಕಳಚಿಸುತ್ತಾನೆ. ಸ್ಪ್ರಾಕೆಟ್ಟಿನ ಹಲ್ಲುಗಳು ಅಷ್ಟೊತ್ತಿಗೆ ಒಂದೇ ಕಡೆಗೆ ವಾಲಿ ಗರಗಸದ ಹಾಗಾಗಿರುತ್ತವೆ.

ಎಷ್ಟೋ ಬೈಕುಗಳು ಸಾಲದ್ದು, ಇಲ್ಲವೇ ಮಾಲೀಕನಿಗೆ ದಿನಬಾಡಿಗೆ ಕಟ್ಟುವಂಥದ್ದು. ಗಾಡಿ ಒಂದು ದಿನ ನಿಂತರೆ ಅವತ್ತಿನ ಕಂತು ಕೈಯಿಂದ ಹೋಗುತ್ತದೆ. ಹಾಗಾಗಿ ಸವಾರ ಊರೆಲ್ಲ ಸುತ್ತಿ ಒಳ್ಳೆ ಮಾಲು ಹುಡುಕುವುದಿಲ್ಲ. ಮೆಕ್ಯಾನಿಕ್ ಹತ್ತಿರ ಆ ಕ್ಷಣಕ್ಕೆ ಏನಿದೆಯೋ ಅದೇ ಹಾಕಿಸುತ್ತಾನೆ. ಬೆಲೆ ಹತ್ತು ಶಿಲ್ಲಿಂಗ್ ಕಡಿಮೆ ಮಾಡುವುದಕ್ಕಿಂತ, ಮಾಲು ಚಿಕ್ಕ ಊರಿನ ಅಂಗಡಿಯಲ್ಲೂ ಸದಾ ಸಿಗುವಂತೆ ನೋಡಿಕೊಳ್ಳುವುದು ಮುಖ್ಯ ಎಂದು ನಾನು ಹೇಳುವುದು ಇದಕ್ಕೇ.

ಹಂತ 5: ತೀರ್ಮಾನ ಯಾರದು ಎಂದು ತಿಳಿಯಿರಿ

ಸ್ವಾಹಿಲಿಯಲ್ಲಿ ಮೆಕ್ಯಾನಿಕ್‌ಗೆ ‘ಫುಂಡಿ’ ಅನ್ನುತ್ತಾರೆ. ಬಯಲಲ್ಲೇ ಕೆಲಸ ಮಾಡುವ ಕುಶಲಕರ್ಮಿಗಳ ಇಡೀ ಲೋಕಕ್ಕೆ ‘ಜುವಾ ಕಾಲಿ’ ಎಂದು ಹೆಸರು, ಅಂದರೆ ಸುಡು ಬಿಸಿಲು. ನಮ್ಮಲ್ಲಿ ಮರದಡಿ ಸ್ಪ್ಯಾನರ್ ಹರಡಿಕೊಂಡು ಕೂರುವವರೇ ಅವರು. ಯಾವ ಬ್ರಾಂಡ್ ಹಾಕಬೇಕು ಅಂತ ಹೇಳುವುದು ಅವರು. ಗಿರಾಕಿ ದುಡ್ಡು ಕೊಡುತ್ತಾನೆ, ಅಷ್ಟೇ.

ಪಶ್ಚಿಮದಲ್ಲಿ ಇಂಥ ಕೇಂದ್ರಗಳು ಇನ್ನೂ ದೊಡ್ಡವು. ಘಾನಾದ ಆಕ್ರಾದಲ್ಲಿ ಅಬೊಸಿ ಒಕಾಯ್, ಕುಮಾಸಿಯಲ್ಲಿ ಸುವಾಮೆ ಮ್ಯಾಗಜೀನ್, ಲಾಗೋಸ್‌ನಲ್ಲಿ ಲಾಡಿಪೊ. ಎಲ್ಲಕ್ಕಿಂತ ಕುತೂಹಲದ್ದು ನೈಜೀರಿಯಾದ ಆನಂಬ್ರಾ ರಾಜ್ಯದ ನ್ನೆವಿ ಪಟ್ಟಣ. ಅಲ್ಲಿನ ಇಗ್ಬೊ ವ್ಯಾಪಾರಿಗಳ ಬಳಿ ಹುಡುಗರು ವರ್ಷಗಟ್ಟಲೆ ಕೆಲಸ ಕಲಿಯುತ್ತಾರೆ. ಕೊನೆಗೆ ಯಜಮಾನನೇ ಬಂಡವಾಳ ಕೊಟ್ಟು ಅಂಗಡಿ ಹಾಕಿಸಿಕೊಡುತ್ತಾನೆ. ಕರಾವಳಿಯ ಹುಡುಗರು ಮುಂಬೈನ ಹೋಟೆಲುಗಳಲ್ಲಿ ಕಲಿತು ಆಮೇಲೆ ತಮ್ಮದೇ ಹೋಟೆಲ್ ತೆರೆದದ್ದು ನೆನಪಾಗುತ್ತದೆ, ಅಲ್ವಾ? ಅಲ್ಲಿ ಒಬ್ಬ ಯಜಮಾನನಿಗೆ ನಿಮ್ಮ ಮಾಲು ಹಿಡಿಸಿದರೆ ಅವನ ಕೈಕೆಳಗೆ ಕಲಿತವರೆಲ್ಲ ಅದನ್ನೇ ಇಡುತ್ತಾರೆ. ಹಿಡಿಸದಿದ್ದರೂ ಸುದ್ದಿ ಅಷ್ಟೇ ಬೇಗ ಹಬ್ಬುತ್ತದೆ. ಬೈಕ್ ಬಿಡಿಭಾಗದ ವ್ಯಾಪಾರದಿಂದಲೇ ಮೇಲೆ ಬಂದ ಇನ್ನೊಸೆಂಟ್ ಚುಕ್ವುಮಾ ಈಗ ಅದೇ ನ್ನೆವಿಯಲ್ಲಿ ‘ಇನ್ನೊಸನ್’ ಹೆಸರಿನ ವಾಹನಗಳನ್ನು ತಯಾರಿಸುತ್ತಾರೆ.

ಹಂತ 6: ಕಾಗದಪತ್ರ

ಬೇಸರದ ಭಾಗ, ಬೇಗ ಮುಗಿಸೋಣ. ಇಲ್ಲಿಂದ ರಫ್ತಿಗೆ ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಕೊಡುವ ಆಮದು-ರಫ್ತು ಸಂಖ್ಯೆ ಐಇಸಿ ಬೇಕು. ಜಿಎಸ್‌ಟಿ ಕಟ್ಟದೆ ಕಳಿಸಲು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿ. ಇಇಪಿಸಿ (ಎಂಜಿನಿಯರಿಂಗ್ ರಫ್ತು ಉತ್ತೇಜನ ಮಂಡಳಿ) ಸದಸ್ಯತ್ವ ಇದ್ದರೆ ಮೇಳ, ಖರೀದಿದಾರರ ಭೇಟಿಗೆ ಅನುಕೂಲ. ಕೆನ್ಯಾಕ್ಕೆ ಮಾಲು ಹಡಗು ಹತ್ತುವ ಮುಂಚೆಯೇ ‘ಪಿವಿಒಸಿ’ ಎಂಬ ಗುಣಮಟ್ಟ ತಪಾಸಣೆ, ನೈಜೀರಿಯಾಕ್ಕೆ ಅಂಥದ್ದೇ ‘ಸಾನ್‌ಕ್ಯಾಪ್’ ಪ್ರಮಾಣಪತ್ರ ಬೇಕು. ಪಶ್ಚಿಮ ಮತ್ತು ಮಧ್ಯ ಆಫ್ರಿಕಾದ ಹಲವು ದೇಶಗಳು ಸರಕಿನ ಟ್ರ್ಯಾಕಿಂಗ್ ಪತ್ರವನ್ನೂ ಕೇಳುತ್ತವೆ.

ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ಗುರುತಿಸುವ ಸಂಖ್ಯೆ) ಹಾಕುವಾಗ ಎಲ್ಲವನ್ನೂ ಕಾರು, ಲಾರಿ ಭಾಗಗಳ 8708ಕ್ಕೆ ತುರುಕಬೇಡಿ. ಬೈಕಿನ ಭಾಗಗಳಿಗೆ 8714 ಇದೆ. ಫಿಲ್ಟರ್ 8421, ಬೇರಿಂಗ್ 8482, ಚೈನ್ 7315ರಲ್ಲಿ ಬರುತ್ತವೆ. ಕೋಡ್ ಬದಲಾದರೆ ಸುಂಕವೂ ಬದಲಾಗಬಹುದು. ಕೆನ್ಯಾ, ಉಗಾಂಡಾ, ತಾಂಜಾನಿಯಾ ಇರುವ ಪೂರ್ವ ಆಫ್ರಿಕಾ ಒಕ್ಕೂಟದಲ್ಲಿ ಸುಂಕದ ಮುಖ್ಯ ಪಟ್ಟಿಗಳು 0, 10, 25, 35 ಶೇಕಡ.

ಬ್ರಾಂಡ್ ಹೆಸರನ್ನು ಅಲ್ಲಿ ನಿಮ್ಮ ಹೆಸರಿನಲ್ಲೇ ನೋಂದಣಿ ಮಾಡಿಸಿ. ವಿತರಕನಿಗೆ ಬಿಟ್ಟುಕೊಟ್ಟರೆ ನಾಳೆ ಆ ಹೆಸರು ಅವನದೇ ಆಗಿಬಿಡಬಹುದು. ಹೆಚ್ಚಾಗಿ ಫ್ರೆಂಚ್ ಮಾತಾಡುವ 17 ದೇಶಗಳಿಗೆ ಕ್ಯಾಮರೂನ್‌ನ ಯವುಂಡೆಯಲ್ಲಿರುವ ‘ಒಎಪಿಐ’ ಎಂಬ ಜಂಟಿ ನೋಂದಣಿ ಕಚೇರಿಯಲ್ಲಿ ಒಂದೇ ಅರ್ಜಿ ಸಾಕು.

ಹಂತ 7: ದುಡ್ಡು ವಾಪಸ್ ಬರುವ ದಾರಿ

ಮಾಲು ಚೆನ್ನಾಗಿದ್ದೂ ಕೈ ಸುಡುವುದು ಇಲ್ಲೇ. ನೈಜೀರಿಯಾದಲ್ಲಿ 2023ರ ಜೂನ್‌ವರೆಗೆ ಒಂದು ಡಾಲರ್‌ಗೆ ಸುಮಾರು 470 ನೈರಾ ಇತ್ತು. ಸರ್ಕಾರ ವಿನಿಮಯ ದರದ ಮೇಲಿನ ಬಿಗಿ ಸಡಿಲಿಸಿದ ಮೇಲೆ 2024ರ ಫೆಬ್ರುವರಿಗೆ 1,500 ದಾಟಿತು. 20,000 ಡಾಲರ್ ಸಾಲದ ಮೇಲೆ ಮಾಲು ತಂದ ಅಂಗಡಿಯವನ ಬಾಕಿ 94 ಲಕ್ಷ ನೈರಾದಿಂದ 3 ಕೋಟಿಗೆ ಏರಿತು ಅಂದುಕೊಳ್ಳಿ. ಅವನು ಮಾಲನ್ನು ಮಾರಿದ್ದು ಹಳೇ ಲೆಕ್ಕದಲ್ಲಿ. ಎಷ್ಟೇ ಪ್ರಾಮಾಣಿಕನಾದರೂ ಎಲ್ಲಿಂದ ತಂದು ಕೊಟ್ಟಾನು? ಕೆನ್ಯಾದಲ್ಲಿ ಇದರ ಉಲ್ಟಾ ನಡೆಯಿತು. 2024ರ ಶುರುವಿನಲ್ಲಿ 160ರ ಆಸುಪಾಸಿದ್ದ ಡಾಲರ್ ಅದೇ ವರ್ಷ 130 ಶಿಲ್ಲಿಂಗ್‌ಗೆ ಇಳಿಯಿತು.

ಹೊಸ ಗಿರಾಕಿಗೆ ಸಾಲ ಬೇಡ. ಶೇ 30 ಮುಂಗಡ, ಉಳಿದದ್ದು ಬಿಲ್ ಆಫ್ ಲೇಡಿಂಗ್ (ಮಾಲು ಹಡಗಿಗೆ ಏರಿದ್ದಕ್ಕೆ ದಾಖಲೆ) ಪ್ರತಿ ತೋರಿಸಿದಾಗ. ದೊಡ್ಡ ಮೊತ್ತವಾದರೆ ಎಲ್‌ಸಿ (ಗಿರಾಕಿಯ ಬ್ಯಾಂಕು ಕೊಡುವ ಪಾವತಿ ಭರವಸೆ ಪತ್ರ), ಅದೂ ನಂಬುವಂಥ ಇನ್ನೊಂದು ಬ್ಯಾಂಕು ಖಾತ್ರಿ ಕೊಟ್ಟದ್ದು. ಗಿರಾಕಿ ದುಡ್ಡು ಕೊಡದಿದ್ದರೆ ನಷ್ಟ ತುಂಬಿಕೊಡುವ ಇಸಿಜಿಸಿ ವಿಮೆಯ ಖರ್ಚು ಉಳಿಸಲು ಹೋಗಬೇಡಿ.

ಹಂತ 8: ಕರೆಂಟ್ ಗಾಡಿಯ ಕಡೆಗೂ ಒಂದು ಕಣ್ಣಿಡಿ

ಇಥಿಯೋಪಿಯಾ 2024ರಲ್ಲಿ ಪೆಟ್ರೋಲ್, ಡೀಸೆಲ್ ಖಾಸಗಿ ಕಾರುಗಳ ಆಮದನ್ನೇ ನಿಲ್ಲಿಸಿತು. ರುವಾಂಡಾದ ಕಿಗಾಲಿಯಲ್ಲಿ 2025ರಿಂದ ಪೆಟ್ರೋಲ್ ಬೈಕ್ ಟ್ಯಾಕ್ಸಿಗೆ ಹೊಸದಾಗಿ ನೋಂದಣಿ ಇಲ್ಲ ಎಂದು ಸರ್ಕಾರ ಹೇಳಿತು. ಆಂಪರ್‌ಸ್ಯಾಂಡ್, ಸ್ಪಿರೊ ಕಂಪನಿಗಳು ಬ್ಯಾಟರಿ ಬದಲಿಸಿಕೊಡುವ ಕೇಂದ್ರಗಳನ್ನು ತೆರೆಯುತ್ತಿವೆ. ಪಿಸ್ಟನ್ ರಿಂಗ್, ಕ್ಲಚ್ ಪ್ಲೇಟ್ ಅಚ್ಚಿಗೆ ಈಗ ದೊಡ್ಡ ಬಂಡವಾಳ ಹಾಕುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಷಾಕ್ ಅಬ್ಸಾರ್ಬರ್, ವೀಲ್ ಬೇರಿಂಗ್ ಮಾಡುವವರಿಗೆ ಅಂಥ ಗಾಬರಿ ಇಲ್ಲ. ಗಾಡಿ ಪೆಟ್ರೋಲಲ್ಲಿ ಓಡಲಿ, ಕರೆಂಟಲ್ಲಿ ಓಡಲಿ, ಗುಂಡಿ ಅದೇ ಗುಂಡಿ.

ಹಂತ 9: ಮೊದಲು ಐವತ್ತು ಸೆಟ್

ಕಂಟೇನರ್‌ಗೆ ಮುಂಚೆ ಐವತ್ತು ಚೈನ್ ಸ್ಪ್ರಾಕೆಟ್ ಸೆಟ್ ಮಾತ್ರ ಕಳಿಸಿ. ಒಂದೇ ಊರು, ಐದು ಫುಂಡಿಗಳು, ತಲಾ ಹತ್ತು. ಪ್ರತಿ ಸೆಟ್ಟಿನ ಮೇಲೂ ಕೆತ್ತಿದ ನಂಬರ್ ಇರಲಿ. ಹಾಕಿದ ದಿನ ಓಡೋಮೀಟರ್‌ನ ಫೋಟೊ ವಾಟ್ಸ್‌ಆ್ಯಪ್‌ನಲ್ಲಿ ತರಿಸಿ. ಮೀಟರ್ ಕೆಟ್ಟಿದ್ದರೆ ತಾರೀಖು ಸಾಕು. ಸವೆದ ಸೆಟ್ ಹಿಂದಿರುಗಿಸಿದವರಿಗೆ ಹೊಸದರಲ್ಲಿ ರಿಯಾಯಿತಿ ಕೊಡಿ. ಆ ಹಳೇ ಸೆಟ್ಟುಗಳು ವಾಪಸ್ ಬಂದಾಗ ಮೇಜಿನ ಮೇಲೆ ಸಾಲಾಗಿಟ್ಟು ಹಲ್ಲು ನೋಡಿ. ಹಲ್ಲು ವಾಲಿದ್ದರೆ ಅದು ಮಾಮೂಲಿ ಸವೆತ. ಮುರಿದಿದ್ದರೆ ಹೀಟ್ ಟ್ರೀಟ್‌ಮೆಂಟ್ (ಲೋಹವನ್ನು ಕಾಯಿಸಿ ಹದಗೊಳಿಸುವ ಕೆಲಸ) ಮಾಡುವವರ ಹತ್ತಿರ ಕೂತು ಮಾತಾಡಿ. ಕಂಟೇನರ್ ಬುಕ್ ಮಾಡುವುದು ಅದಾದ ಮೇಲೆ.